ಸೆರೆಶಿಬಿರದಲ್ಲಿ ಹುಟ್ಟಿದ ಕುಣಿತ

‘ರೀಲ್ ಆಫ್ ದ ಫಿಫ್ಟಿ ಫಸ್ಟ್ ಡಿವಿಜನ್’ ಎಂಬ ಸ್ಕಾಟಿಷ್ ಕುಣಿತ ಹುಟ್ಟಿದ್ದು ಜರ್ಮನಿಯ ಲೌಫೆನ್ ಸೆರೆಶಿಬಿರದಲ್ಲಿ. 1940ರ ಜೂನ್‌ನಲ್ಲಿ ಫ್ರಾನ್ಸಿನ ಸೇಂಟ್ ವಲೆರಿಯಲ್ಲಿ ಶರಣಾದ 51ನೇ ಹೈಲ್ಯಾಂಡ್ ಸೇನಾವಿಭಾಗದ ಅಧಿಕಾರಿಗಳು ಅದನ್ನು ಕಟ್ಟಿದರು. ಮೂಲ ಕಲ್ಪನೆ ಲೆಫ್ಟಿನೆಂಟ್ ಜಿಮ್ಮಿ ಅಟ್ಕಿನ್ಸನ್ ಅವರದು. ಅರೆಹೊಟ್ಟೆಯಲ್ಲೇ ಗಂಡಸರಷ್ಟೇ ಸೇರಿ ಹೆಜ್ಜೆ ಹಾಕಿದರು. ಒಂದು ಸುತ್ತಿಗೆ 32 ಬಾರ್ ಸಂಗೀತ. ನಡುವೆ ಮೊದಲ ಜೋಡಿ ಎದುರುಬದುರು ಮೂಲೆಯವರ ಕೈಹಿಡಿದು ಓರೆಸಾಲಾಗುತ್ತದೆ, ಆಮೇಲೆ ಉಳಿದಿಬ್ಬರೊಡನೆ ಇನ್ನೊಂದು ಓರೆಗೆ ಹೊರಳುತ್ತದೆ. ಎರಡೂ ಸೇರಿದರೆ ಸಂತ ಆಂಡ್ರೂ ಶಿಲುಬೆ, ಸ್ಕಾಟ್ಲೆಂಡಿನ ಬಾವುಟದ ಗುರುತು! ಕಾವಲುಗಾರರ ಕಣ್ಣೆದುರೇ ತಮ್ಮ ಧ್ವಜವನ್ನು ಮೈಯಿಂದಲೇ ಬರೆದ ಆ ಛಲವನ್ನು ನಾನು ಯಾವ ಯುದ್ಧಸ್ಮಾರಕಕ್ಕಿಂತಲೂ ಮಿಗಿಲೆಂದು ಎಣಿಸುತ್ತೇನೆ. ಈಗಲೂ ಕುಣಿತಕೂಟಗಳಲ್ಲಿ ಇದರ ಹೆಸರು ಕೂಗಿದರೆ ಗಂಡು ಹೆಣ್ಣೆನ್ನದೆ ಜನ ಎದ್ದು ಬರುತ್ತಾರೆ.