ಲೈಸೆನ್ಸು ಅಮಾನತಾದಾಗ ವಿಮೆಯ ಗತಿ

ನಸುಕಿನಲ್ಲಿ ಡೊಂಬಿವಲಿಯಿಂದಲೋ ಕಲ್ಯಾಣದಿಂದಲೋ ಹೊರಟು, ಶಿಳ್ ಫಾಟಾದ ಮಾರ್ಗವಾಗಿ ವಾಶಿಯ ಮಾರುಕಟ್ಟೆಗೆ ಹೋಗಿ, ನೀರುಳ್ಳಿ, ಬಟಾಟೆ, ತೆಂಗಿನಕಾಯಿಗಳನ್ನು ಹೇರಿಕೊಂಡು ಹೋಟೆಲಿಗೆ ಮರಳುವ ನಮ್ಮ ಹುಡುಗರನ್ನು ಈ ಭಾಗದ ಕನ್ನಡಿಗರೆಲ್ಲರೂ ಬಲ್ಲರು. ಅವರ ಜೇಬಿನಲ್ಲಿರುವ ಲೈಸೆನ್ಸು ಇಂದು ಊರ್ಜಿತವಾಗಿದೆಯೇ ಎಂದು ಕೇಳುವವರು ವಿರಳ. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ಹುಡುಗನು ಕೆಲಸಕ್ಕೆ ಸೇರಿದ ದಿನ ಒಮ್ಮೆ ನೋಡಿ ಹಿಂದಕ್ಕೆ ಕೊಡುತ್ತಿದ್ದೆವು; ಅಷ್ಟಕ್ಕೇ ನಮ್ಮ ಕರ್ತವ್ಯವು ತೀರಿತೆಂದು ಭಾವಿಸಿದ್ದೆವು. ಈಗ ಅಷ್ಟು ಸಾಲದು.

1988ರ ಮೋಟಾರು ವಾಹನ ಶಾಸನಕ್ಕೆ 2019ರಲ್ಲಿ ಆದ ತಿದ್ದುಪಡಿಯು ಲೈಸೆನ್ಸು ಕೈತಪ್ಪುವ ದಾರಿಗಳನ್ನು ಬಹಳ ಸುಗಮಗೊಳಿಸಿದೆ. ಕುಡಿದು ಓಡಿಸುವುದು, ಅಪಾಯಕರವಾಗಿ ಓಡಿಸುವುದು ಮುಂತಾದ ಘೋರ ತಪ್ಪುಗಳ ಮಾತು ಹಾಗಿರಲಿ. ಹೆಲ್ಮೆಟ್ ಇಲ್ಲದೆ ಸ್ಕೂಟರು ಹತ್ತಿದವನಿಗೂ ಶಾಸನದಲ್ಲಿ 1,000 ರೂಪಾಯಿ ದಂಡದೊಡನೆ 3 ತಿಂಗಳ ಅನರ್ಹತೆಯನ್ನು ಹೇಳಿದೆ. ದ್ವಿಚಕ್ರದ ಮೇಲೆ ಮೂವರು ಕುಳಿತರೂ ಅದೇ ಶಿಕ್ಷೆ. ಸ್ಕೂಟರಿನ ಮೇಲೆ ಮಾಡಿದ ತಪ್ಪಿನಿಂದ ಟೆಂಪೋ ಓಡಿಸುವ ಹಕ್ಕೂ ಹೋಗಬಹುದೆಂಬುದು ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ತಿಳಿದವನು ಸಹ ಬಾಯಿ ಬಿಡುವುದಿಲ್ಲ. ಧಣಿಗಳಿಗೆ ಹೇಳಿದರೆ ಕೆಲಸ ಹೋದೀತೆಂಬ ಭಯ. ಊರಿಗೆ ಕಳುಹಿಸುವ ಹಣ ನಿಂತೀತೆಂಬ ಚಿಂತೆ. ಮೂರು ತಿಂಗಳು ತಾನೇ, ಯಾರು ಹಿಡಿದಾರು ಎಂದುಕೊಂಡು ಮರುದಿನವೂ ಗಾಡಿಯನ್ನೇರುತ್ತಾನೆ. ಅನರ್ಹತೆಯ ಅವಧಿಯಲ್ಲಿ ವಾಹನ ಓಡಿಸಿದವನಿಗೆ 3 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೆ ಎರಡೂ ಉಂಟು. ಆದರೆ ನಿಜವಾದ ಗಂಡಾಂತರವಿರುವುದು ಅಲ್ಲಿಯಲ್ಲ, ವಿಮೆಯಲ್ಲಿ.

ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಇಂಥ ಚಾಲಕನು ಲೈಸೆನ್ಸನ್ನು ಮರಳಿ ಪಡೆಯಬೇಕಾದರೆ, ಅವನಿಗೆ ವಿಮೆಯುಂಟೆಂದು ಕಂಪನಿಯೇ ‘ಎಸ್.ಆರ್. 22’ ಎಂಬ ಪತ್ರವನ್ನು ಸರಕಾರಕ್ಕೆ ಸಲ್ಲಿಸಬೇಕು. ಅವನ ಪ್ರೀಮಿಯಂ ಸಹ ಏರುತ್ತದೆ. ನಮ್ಮಲ್ಲಿ ಆ ಕ್ರಮವಿಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಮೂರನೆಯವರ ವಿಮೆಯ ದರಪಟ್ಟಿಯಲ್ಲಿ 1,000 ಸಿ.ಸಿ. ಮೀರದ ಖಾಸಗಿ ಕಾರಿಗೆ 2,094 ರೂಪಾಯಿ, 1,500 ಸಿ.ಸಿ. ಮೀರಿದುದಕ್ಕೆ 7,897 ರೂಪಾಯಿ. ಎಂಜಿನಿನ ಗಾತ್ರವನ್ನು ಕೇಳಿದರೇ ಹೊರತು ಚಾಲಕನ ನಡತೆಯನ್ನು ಕೇಳಲಿಲ್ಲ. ಇದರಿಂದಲೇ ನಮ್ಮವರಲ್ಲಿ ಒಂದು ಭ್ರಮೆ ಬೇರೂರಿದೆ: ಹಣ ಕಟ್ಟಿದ್ದೇವೆ, ಯಾರು ಓಡಿಸಿದರೇನು, ಕಂಪನಿ ನೋಡಿಕೊಳ್ಳುತ್ತದೆ ಎಂದು.

ಕಂಪನಿ ನೋಡಿಕೊಳ್ಳುವುದಿಲ್ಲ. ಅಪಘಾತದ ಸಮಯದಲ್ಲಿ ಚಾಲಕನಲ್ಲಿ ಊರ್ಜಿತವಾದ ಲೈಸೆನ್ಸು ಇರತಕ್ಕದ್ದು, ಅವನು ಅನರ್ಹನಾಗಿರಕೂಡದು ಎಂಬ ಷರತ್ತು ವಿಮಾಪತ್ರದಲ್ಲಿಯೇ ಇದೆ. ಅದನ್ನು ಮುರಿದರೆ ಜಖಂ ಆದ ಗಾಡಿಯ ದುರಸ್ತಿಯ ಹಣವನ್ನು ಕಂಪನಿ ನಿರಾಕರಿಸಬಹುದು. ಮಾಲೀಕನೇ ಓಡಿಸುತ್ತಿದ್ದು ಮಡಿದರೆ, ಅವನ ಹೆಸರಿನಲ್ಲಿರುವ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆಯೂ ಊರ್ಜಿತ ಲೈಸೆನ್ಸನ್ನೇ ಅವಲಂಬಿಸಿದೆ. ಸಾಲ ಮಾಡಿ ಕಾರು ಕೊಂಡ ಗುಮಾಸ್ತರು ಇದನ್ನು ಮನೆಯವರಿಗೂ ತಿಳಿಸಿರಲಿ.

ದಾರಿಹೋಕನೊಬ್ಬನಿಗೆ ಗಾಡಿ ತಗಲಿದರೆ ಏನು? 2004ರಲ್ಲಿ ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ಕೂಲಂಕಷವಾಗಿ ವಿಚಾರಿಸಿತು. ನೊಂದವನು ಬರಿಗೈಯಲ್ಲಿ ಹೋಗಬಾರದು; ಕಂಪನಿ ಮೊದಲು ಪರಿಹಾರ ಕೊಟ್ಟು, ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು. ಆದರೆ ಲೈಸೆನ್ಸಿಲ್ಲವೆಂದು ತೋರಿಸಿದ ಮಾತ್ರಕ್ಕೆ ಸಾಲದು, ಮಾಲೀಕನು ತಕ್ಕ ಎಚ್ಚರ ವಹಿಸಲಿಲ್ಲವೆಂಬುದನ್ನೂ ಕಂಪನಿ ರುಜುವಾತುಪಡಿಸಬೇಕು ಎಂದಿತು. ಈ ಕೊನೆಯ ಮಾತನ್ನು ನಮ್ಮ ಹೋಟೆಲು ಮಾಲೀಕ ಬಂಧುಗಳು ಎರಡು ಸಲ ಓದಬೇಕು. ಕೇಳಿ ನೋಡಿದವನಿಗೆ ರಕ್ಷಣೆಯುಂಟು. ಗೊತ್ತಿದ್ದೂ ‘ಇವತ್ತೊಂದು ದಿನ ಹೋಗಿ ಬಾ ಮಾರಾಯ’ ಎಂದವನಿಗೆ ಇಲ್ಲ. ಅವನ ಮನೆ, ಗಲ್ಲೆ ಎಲ್ಲವೂ ಆ ವಸೂಲಿಗೆ ಗುರಿಯಾದೀತು. ಊರ್ಜಿತ ಲೈಸೆನ್ಸಿಲ್ಲದವನ ಕೈಗೆ ಗಾಡಿ ಕೊಟ್ಟ ತಪ್ಪಿಗೆ 5,000 ರೂಪಾಯಿ ದಂಡ, ಸೆರೆಯ ಸಂಭವ ಬೇರೆ.

ಇನ್ನು ಕೆಲವರು ಇದರ ವಿರುದ್ಧವಾದ ತಪ್ಪು ಮಾಡುತ್ತಾರೆ. ಮೂರು ತಿಂಗಳು ಕಾರು ಮುಟ್ಟುವಂತಿಲ್ಲ, ವಿಮೆಯೇಕೆ ಎಂದು ನವೀಕರಿಸದೆ ಬಿಡುತ್ತಾರೆ. ವಿಮೆಯ ಅವಧಿ ಮುಗಿದು 90 ದಿನ ಕಳೆದರೆ, ವರ್ಷಗಳಿಂದ ಕೂಡಿಸಿಕೊಂಡ ‘ನೋ ಕ್ಲೇಮ್ ಬೋನಸ್’ ಹೋಗುತ್ತದೆ. ಅದು ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇಕಡಾ 50ರಷ್ಟು ರಿಯಾಯಿತಿಯೂ ಇದ್ದೀತು. ಆ ನಡುವೆ ತಮ್ಮನೋ ಭಾವನೋ ಗಾಡಿಯನ್ನು ರಸ್ತೆಗಿಳಿಸಿದರೆ ವಿಮೆಯಿಲ್ಲದ ಅಪರಾಧವೂ ಸೇರುತ್ತದೆ. ಲೈಸೆನ್ಸು ಮಲಗಿದ್ದರೂ ವಿಮೆ ಎಚ್ಚರವಾಗಿರಲಿ.

ಕ್ಯಾಲೆಂಡರಿನಲ್ಲಿ ದಿನ ಎಣಿಸಿ ಮುಗಿಯಿತೆಂದು ಗಾಡಿ ಹತ್ತುವುದೂ ಸರಿಯಲ್ಲ. ಚಾಲಕರ ಪುನರ್ ತರಬೇತಿಯನ್ನು ಪೂರೈಸಿದ ಮೇಲೆಯೇ ಲೈಸೆನ್ಸು ಮರಳುವುದೆಂದು ತಿದ್ದುಪಡಿಯಲ್ಲಿದೆ. ಕಲ್ಯಾಣ, ಡೊಂಬಿವಲಿಯವರು ಕಲ್ಯಾಣದ ಆರ್.ಟಿ.ಓ. ಕಚೇರಿಯಲ್ಲಿಯೂ, ಉಳಿದವರು ಥಾಣೆ ಅಥವಾ ವಾಶಿಯಲ್ಲಿಯೂ ವಿಚಾರಿಸಿ, ಅದು ಕೈಸೇರಿದ ಮೇಲೆಯೇ ಸ್ಟಿಯರಿಂಗ್ ಹಿಡಿಯಲಿ. ಆರ್.ಟಿ.ಓ. ಅಧಿಕಾರಿಯ ಆದೇಶ ಅನ್ಯಾಯವೆಂದು ತೋರಿದರೆ, ಅದು ತಲುಪಿದ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಮರಾಠಿಯಲ್ಲಿ ಬಂದ ನೋಟೀಸನ್ನು ಓದಲಾರದೆ ಹಾಸಿಗೆಯಡಿ ಇಟ್ಟುಕೊಂಡರೆ ಆ ದಿನಗಳು ಕಳೆದುಹೋಗುತ್ತವೆ.

ಮಾಲೀಕರಲ್ಲಿ ನಮ್ಮದೊಂದು ಬಿನ್ನಹವಿದೆ. ಹುಡುಗನು ನಿಜ ಹೇಳಿದ ದಿನ ಅವನನ್ನು ಹೊರಗೆ ಹಾಕಬೇಡಿ. ಹೋಟೆಲಿನಲ್ಲಿ ಮೂರು ತಿಂಗಳ ಮಟ್ಟಿಗೆ ಬೇರೆ ಕೆಲಸಕ್ಕೆ ಕೊರತೆಯೇ? ಕೌಂಟರಿನಲ್ಲಿ ನಿಲ್ಲಲಿ, ಉಗ್ರಾಣ ನೋಡಲಿ. ಒಬ್ಬನು ನಿಜ ಹೇಳಿ ಕೆಲಸ ಕಳೆದುಕೊಂಡುದನ್ನು ಕಂಡರೆ ಮಿಕ್ಕವರಾರೂ ನಿಜ ಹೇಳಲಾರರು. ಆಗ ವಿಪತ್ತು ಬರುವುದು ಮಾಲೀಕನ ತಲೆಗೇ.

ಲೈಸೆನ್ಸಿನ ನಂಬರು, ಜನ್ಮ ದಿನಾಂಕಗಳಿದ್ದರೆ ಸರಕಾರದ ಪರಿವಾಹನ್ ಜಾಲತಾಣದಲ್ಲಿ ಅದರ ಸ್ಥಿತಿಯನ್ನು ನೋಡಬಹುದು. ತಿಂಗಳಿಗೊಮ್ಮೆ, ಸಂಬಳದ ದಿನ, ಗಲ್ಲೆಯ ಮೇಲಿರುವವರು ಅಷ್ಟನ್ನು ನೋಡಿ ಲೆಕ್ಕದ ಪುಸ್ತಕದಲ್ಲಿ ಬರೆದಿಡಲಿ. ಕಚೇರಿಯಲ್ಲಿ ದುಡಿಯುವ ಗುಮಾಸ್ತ ಮಿತ್ರರು, ತಾವು ಊಟ ಮಾಡುವ ಹೋಟೆಲಿನಲ್ಲಿ ಈ ವಿಧಾನವನ್ನು ಒಮ್ಮೆ ತೋರಿಸಿಕೊಡಲಿ, ಬಂದ ನೋಟೀಸನ್ನು ಓದಿ ಹೇಳಲಿ.