ತರಗತಿಯ ಬರಹಕ್ಕೆ ಓದುಗರು ಯಾರು?

ಕನ್ನಡ ತರಗತಿಯ ವಿದ್ಯಾರ್ಥಿ ಬರೆಯುವುದು ಬಹುಮಟ್ಟಿಗೆ ಒಬ್ಬನೇ ಓದುಗನಿಗಾಗಿ. ಆ ಓದುಗ ಉತ್ತರಪತ್ರಿಕೆಯ ಮೌಲ್ಯಮಾಪಕ. ಅವನು ಬರಹವನ್ನು ಓದುವುದಕ್ಕಿಂತ ಹೆಚ್ಚಾಗಿ ಅಳೆಯುತ್ತಾನೆ. ಅಳತೆ ಮುಗಿದೊಡನೆ ಬರಹದ ಆಯುಷ್ಯವೂ ಮುಗಿಯುತ್ತದೆ. ಪಂಪನಿಂದ ದೇವನೂರ ಮಹಾದೇವರವರೆಗೆ ಓದಿಕೊಂಡವರೂ ತಮ್ಮದೇ ಮಾತಿನಲ್ಲಿ ಒಂದು ಪುಟ ಬರೆಯಲು ಅಳುಕುವುದರಲ್ಲಿ ಈ ವ್ಯವಸ್ಥೆಯ ಪಾಲು ದೊಡ್ಡದು. ಬ್ಲಾಗನ್ನು ಬೋಧನೋಪಕರಣವಾಗಿ ಬಳಸುವ ಪ್ರಶ್ನೆಯನ್ನು ತಂತ್ರಜ್ಞಾನದ ಮೋಹದಿಂದಲ್ಲದೆ ಈ ಹಿನ್ನೆಲೆಯಿಂದ ಪರಿಶೀಲಿಸಬೇಕಾಗಿದೆ.

ಬ್ಲಾಗರ್ ಸೇವೆ ಆರಂಭವಾದದ್ದು 1999ರಲ್ಲಿ. ವರ್ಡ್‌ಪ್ರೆಸ್ ಬಂದದ್ದು 2003ರಲ್ಲಿ. ಯೂನಿಕೋಡ್ ಬಳಕೆ ಹರಡಿದಂತೆ 2000ರ ದಶಕದ ಉತ್ತರಾರ್ಧದಲ್ಲಿ ಕನ್ನಡ ಬ್ಲಾಗುಗಳು ಹುಲುಸಾಗಿ ಬೆಳೆದವು. ಸಂಪಾದಕರ ಒಪ್ಪಿಗೆಗಾಗಿ ಕಾಯದೆ ಬರೆಯಬಹುದೆಂಬ ಧೈರ್ಯವನ್ನು ಅವು ಅನೇಕರಿಗೆ ನೀಡಿದವು. ಅನಂತರ ಸಾಮಾಜಿಕ ಜಾಲತಾಣಗಳು ಆ ಓದುಗರನ್ನು ಸೆಳೆದುಕೊಂಡವು. ಹೀಗಿರುವಾಗ ಬ್ಲಾಗಿನ ಮಾತು ಹಳತಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ತರಗತಿಯ ಮಟ್ಟಿಗೆ ಬ್ಲಾಗಿನ ನಿಧಾನಗತಿಯೇ ಅದರ ಗುಣ. ಅಲ್ಲಿ ದೀರ್ಘ ಬರಹಕ್ಕೆ ಎಡೆಯಿದೆ. ಬರಹಗಳು ದಿನಾಂಕದ ಕ್ರಮದಲ್ಲಿ ಉಳಿಯುತ್ತವೆ. ಆರು ತಿಂಗಳ ಹಿಂದಿನ ಬರಹವನ್ನು ಇಂದಿನದರ ಪಕ್ಕದಲ್ಲಿಟ್ಟು ನೋಡಬಹುದು.

ತರಗತಿಯ ಬರಹ ಹೊರಗಿನ ಓದುಗರನ್ನು ಅರಸುವುದು ಕನ್ನಡಕ್ಕೆ ಹೊಸತೇನಲ್ಲ. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ, ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳ್ತನದಲ್ಲಿ 'ಪ್ರಬುದ್ಧ ಕರ್ಣಾಟಕ' ಹುಟ್ಟಿತು. ಕಾಲೇಜುಗಳ ಕೈಬರಹದ ಪತ್ರಿಕೆ, ಭಿತ್ತಿಪತ್ರಿಕೆಗಳೂ ಇದೇ ಹಂಬಲದ ರೂಪಗಳು. ಆದರೆ ಅವುಗಳಲ್ಲಿ ಸ್ಥಳ ಕಡಿಮೆ. ಆದ್ದರಿಂದ ಈಗಾಗಲೇ ಚೆನ್ನಾಗಿ ಬರೆಯುವ ನಾಲ್ಕಾರು ಮಂದಿಗೆ ಮಾತ್ರ ಅಲ್ಲಿ ಅವಕಾಶ ಸಿಗುತ್ತಿತ್ತು. ಬ್ಲಾಗು ಹಿಂದಿನ ಬೆಂಚಿನವರಿಗೂ ಪುಟ ಕೊಡಬಲ್ಲದು.

ಪುಟ ಕೊಟ್ಟ ಮಾತ್ರಕ್ಕೆ ಬರಹ ಬರುವುದಿಲ್ಲ, ನಿಜ. ಬರಹ ಹದಗೊಳ್ಳುವುದು ತಿದ್ದುವಿಕೆಯಲ್ಲಿ. ಈ ವಿಷಯದಲ್ಲಿ ಕನ್ನಡದ ಮೊದಲ ಮೇಷ್ಟ್ರು ಕವಿರಾಜಮಾರ್ಗಕಾರನೇ. 9ನೆಯ ಶತಮಾನದ ಆ ಕೃತಿಯಲ್ಲಿ ದೋಷವುಳ್ಳ ಪದ್ಯವನ್ನು ಮೊದಲು ತೋರಿಸಿ, ಅದನ್ನೇ ತಿದ್ದಿ ಮತ್ತೆ ಮುಂದಿಡುವ ಕ್ರಮವಿದೆ. ಕೆಟ್ಟದ್ದೂ ಒಳ್ಳೆಯದೂ ಅಕ್ಕಪಕ್ಕದಲ್ಲಿದ್ದಾಗ ಕಲಿಯುವವನಿಗೆ ಕಾರಣ ತಿಳಿಯುತ್ತದೆ. ಉತ್ತರಪತ್ರಿಕೆಯಲ್ಲಿ ಈ ಎರಡನೆಯ ಹೆಜ್ಜೆಗೆ ಆಸ್ಪದವೇ ಇಲ್ಲ. ಮೊದಲ ಕರಡನ್ನು ಅಳಿಸದೆ, ಸಹಪಾಠಿಗಳ ಟಿಪ್ಪಣಿಯ ಬಳಿಕ ತಿದ್ದಿದ ಪಾಠವನ್ನು ಅದರ ಕೆಳಗೇ ಪ್ರಕಟಿಸಬೇಕೆಂಬ ನಿಯಮವಿದ್ದರೆ ಬ್ಲಾಗು ಆ ಪ್ರಾಚೀನ ಕ್ರಮವನ್ನು ಮರಳಿ ತರಬಲ್ಲದು.

ಹಳಗನ್ನಡದ ಪಾಠವೊಂದನ್ನು ಉದಾಹರಣೆಗೆ ನೋಡಬಹುದು. ಪಠ್ಯದ ಅಡಿಟಿಪ್ಪಣಿಯಲ್ಲಿ 'ಆನ್' ಎಂದರೆ 'ನಾನು' ಎಂದಷ್ಟೇ ಇರುತ್ತದೆ. ವಿದ್ಯಾರ್ಥಿಗಳು ಅದನ್ನು ಕಂಠಪಾಠ ಮಾಡುತ್ತಾರೆ. ಅದೇ ತರಗತಿಯಲ್ಲಿ ಹವ್ಯಕ ಮನೆಯಿಂದ ಬಂದವಳಿದ್ದರೆ ಅವಳ ಮನೆಯಲ್ಲಿ ಇಂದಿಗೂ 'ಆನು' ಎನ್ನುತ್ತಾರೆ. ಅವಳು ಇದನ್ನು ಬರೆದರೆ ಸತ್ತಿದೆಯೆಂದು ತಿಳಿದ ರೂಪ ತರಗತಿಯೊಳಗೇ ಉಸಿರಾಡುತ್ತದೆ. ಕಲಬುರಗಿ, ಕುಂದಾಪುರ, ಕೋಲಾರಗಳ ಮಾತನ್ನಾಡುವವರು ತಮ್ಮ ಮನೆಯ ರೂಪಗಳನ್ನು ಅದಕ್ಕೆ ಜೋಡಿಸಿದರೆ ಒಂದು ಪುಟ್ಟ ಉಪಭಾಷಾ ಕೋಶವೇ ಸಿದ್ಧವಾಗುತ್ತದೆ. ಮನೆಮಾತು ಅಶುದ್ಧವೆಂಬ ಕೀಳರಿಮೆ ಕರಗಲು ಇದಕ್ಕಿಂತ ನೇರವಾದ ದಾರಿ ವಿರಳ.

ಅಡ್ಡಿಗಳೂ ಕಡಿಮೆಯಿಲ್ಲ. ಎಲ್ಲರಲ್ಲೂ ಗಣಕಯಂತ್ರವಿಲ್ಲ, ಹಲವರಿಗೆ ಇರುವುದು ಮೊಬೈಲು ಮಾತ್ರ, ಕೆಲವರಿಗೆ ಅದೂ ಮನೆಮಂದಿಗೆಲ್ಲ ಒಂದೇ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಬರಹ ಜಾಲದಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ. ಅರವತ್ತು ವಿದ್ಯಾರ್ಥಿಗಳ ಬರಹವನ್ನು ವಾರವಾರ ಓದುವ ಹೊರೆಯನ್ನು ಅಧ್ಯಾಪಕರ ಕಾರ್ಯಭಾರದ ಲೆಕ್ಕ ಕಾಣುವುದಿಲ್ಲ. ಯಂತ್ರವೇ ಕ್ಷಣದಲ್ಲಿ ಪ್ರಬಂಧ ಬರೆದುಕೊಡುವ ಈ ಕಾಲದಲ್ಲಿ ನಕಲಿನ ಸಂದೇಹವೂ ಸೇರಿಕೊಂಡಿದೆ. ಕರಡುಗಳ ಸರಣಿ ಅದಕ್ಕೆ ಪೂರ್ಣ ಪರಿಹಾರವಲ್ಲ. ಆದರೆ ಅಜ್ಜಿಯ ಬಾಯಿಂದ ಕೇಳಿದ ಮಾತನ್ನು ಬರೆಯಬೇಕಾದಾಗ ಯಂತ್ರದ ನೆರವು ಅಷ್ಟಾಗಿ ಒದಗದು.

ಇವೆಲ್ಲಕ್ಕಿಂತ ಗಂಭೀರವಾದದ್ದು ಬಹಿರಂಗದ ಅಪಾಯ. ಜಾತಿ, ಬಡತನ, ಮನೆಯ ಕಲಹಗಳನ್ನು ಕುರಿತು ಹದಿನೇಳರ ಹರೆಯದಲ್ಲಿ ಬರೆದದ್ದು ಇಪ್ಪತ್ತೇಳರಲ್ಲಿ ಉದ್ಯೋಗ ಕೊಡುವವನ ಕಣ್ಣಿಗೆ ಬೀಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಪದವಿಪೂರ್ವ ತರಗತಿಗಳ ವಿದ್ಯಾರ್ಥಿಗಳು ಬಹುಪಾಲು ಈ ವಯೋಮಾನದವರೇ. ಆದಕಾರಣ ತರಗತಿಯ ಬ್ಲಾಗು ಮೊದಲು ತರಗತಿಯವರಿಗಷ್ಟೇ ತೆರೆದಿರಬೇಕು, ಕಾವ್ಯನಾಮಕ್ಕೆ ಅವಕಾಶವಿರಬೇಕು, ಬರೆದವರು ಬಯಸಿದಾಗ ಬರಹವನ್ನು ಹಿಂಪಡೆಯುವ ಹಕ್ಕಿರಬೇಕು. ಮೊಬೈಲು ಇಲ್ಲದವರ ಕೈಬರಹವನ್ನು ವಿಭಾಗವೇ ಬೆರಳಚ್ಚು ಮಾಡಿಸಬೇಕು. ಈ ಓದಿಗೆ ಅಧ್ಯಾಪಕರ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗಂಟೆಯಾದರೂ ಮೀಸಲಾಗಬೇಕು.

ಇಷ್ಟನ್ನು ಒದಗಿಸದೆ ಬ್ಲಾಗನ್ನು ಆಂತರಿಕ ಅಂಕಗಳ ಮತ್ತೊಂದು ಕಲಮಾಗಿ ಸೇರಿಸಿದರೆ ಅದು ಹಳೆಯ ಉತ್ತರಪತ್ರಿಕೆಯ ಹೊಸ ವೇಷವಷ್ಟೇ ಆದೀತು. ಒದಗಿಸಿದರೆ, ಕನ್ನಡ ತರಗತಿಯು ಸಾಹಿತ್ಯದ ಬಗೆಗೆ ಉತ್ತರ ಬರೆಸುವ ಸ್ಥಳವಾಗಿರುವುದರ ಜೊತೆಗೆ ಕನ್ನಡದಲ್ಲಿ ಬರೆಯುವವರನ್ನು ರೂಪಿಸುವ ಸ್ಥಳವೂ ಆಗುತ್ತದೆ. ಆ ಹೊಣೆ ಸಾಧನದ್ದಲ್ಲ, ವಿಭಾಗಗಳದ್ದು.