ಎಲೆ ತೆಗೆದ್ರೆ ಸಾಲದು, ಬಾಯಿ ತೆಗೀಬೇಕು

ಅಕ್ಕ-ತಂಗಿಯರೇ, ಅತ್ತಿಗೆ-ನಾದಿನಿಯರೇ, ಈ ಸಲ ಟ್ಯಾರೋ ಎಲೆ ವಿಚಾರ ಬರೀತಿದೀನಿ. ನಿಮ್ಮಲ್ಲಿ ಸುಮಾರು ಜನ ರಾತ್ರಿ ಪಾತ್ರೆ ತೊಳೆದಿಟ್ಟು ಮಲಗೋ ಮುಂಚೆ ಫೋನಲ್ಲಿ ಅದನ್ನೇ ನೋಡ್ತೀರಿ ಅಂತ ನಂಗೊತ್ತು. "ಮೂರು ಗುಂಪು ಇದೆ, ಒಂದನ್ನು ಆರಿಸಿಕೊಳ್ಳಿ, ನಿಮ್ಮ ಮನೆ ಜಗಳಕ್ಕೆ ಯಾರು ಕಾರಣ, ಯಾರನ್ನ ದೂರ ಇಡಬೇಕು ಹೇಳ್ತೀವಿ" ಅಂತಾರಲ್ಲ, ಅದೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಎಲೆ ನೋಡೋದರಲ್ಲಿ ತಪ್ಪಿಲ್ಲ. ಆದ್ರೆ ಇನ್ನೊಬ್ಬರ ಮನಸ್ಸಲ್ಲಿ ಏನೈತೆ ಅಂತ ಎಲೆನ ಕೇಳಬಾರದು. ಇನ್ನು ನಾವು ಆಡಬೇಕಾದ ಮಾತನ್ನ ಯಾವ ಎಲೆನೂ ನಮ್ಮ ಬದಲಿಗೆ ಆಡಲ್ಲ.

ನಮಗೇನು ಇದು ಹೊಸದಲ್ಲ. ನಾವು ಸಣ್ಣವರಿದ್ದಾಗ ಜಾತ್ರೇಲಿ ಗಿಣಿ ಶಾಸ್ತ್ರದವರು ಕುಂತಿರೋರು. ಪಂಜರದ ಬಾಗಿಲು ತೆಗೆದ್ರೆ ಗಿಣಿ ಹೊರಗೆ ಬಂದು, ಜೋಡಿಸಿಟ್ಟ ಎಲೇಲಿ ಒಂದನ್ನ ಕೊಕ್ಕಲ್ಲಿ ಎಳೆದು ಕೊಟ್ಟು, ಎರಡು ಕಾಳು ತಿಂದು ಒಳಗೆ ಹೋಗದು. ಎಲೆ ಮೇಲೆ ಯಾವ ದೇವರ ಚಿತ್ರ ಬಂತೋ ಅದರ ಮೇಲೆ ಭವಿಷ್ಯ. ಈಗ ಗಿಣಿಗಳು ಕಮ್ಮಿ ಆದವು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಕಾಡು-ಹೊಲದ ಗಿಣಿ ಹಿಡಿದು ಸಾಕಂಗಿಲ್ಲ. ಕಣಿ ಹೇಳೋ ಅಮ್ಮ ಬಾಗಿಲಿಗೆ ಬಂದ್ರೆ ನಮ್ಮಜ್ಜಿ ಕಾಲದೋರು ಮೊರದಲ್ಲಿ ಕಾಳು ತಂದಿಟ್ಟು ಕೈ ಚಾಚೋರು. ದೇವರ ಹತ್ರ ಹೂ ಕೇಳೋದು ಇವತ್ತಿಗೂ ಐತೆ. ಇವೆಲ್ಲದರಲ್ಲೂ ಒಂದು ಒಳ್ಳೇದಿತ್ತು. ಮನೇಲಿ ಯಾರೂ ಕಿವಿಗೆ ಹಾಕ್ಕಳ್ಳದ ಹೆಂಗಸಿನ ಕಷ್ಟನ ಒಬ್ಬರು ಹತ್ತು ನಿಮಿಷ ಕುಂತು ಕೇಳೋರು. ಅರ್ಧ ಭಾರ ಅಲ್ಲೇ ಇಳಿಯೋದು.

ಟ್ಯಾರೋನೂ ಮೊದಲಿಗೆ ಆಟದ ಎಲೆನೇ. 15ನೇ ಶತಮಾನದಲ್ಲಿ ಇಟಲಿ ಕಡೆ ನಮ್ಮ ಇಸ್ಪೀಟ್ ಥರ ಆಡ್ತಿದ್ರು. ಅದರಲ್ಲಿ ಭವಿಷ್ಯ ನೋಡೋದು 18ನೇ ಶತಮಾನದಲ್ಲಿ ಜಾಸ್ತಿ ಆಯ್ತು. ಒಟ್ಟು 78 ಎಲೆ. ಈಗ ಫೋನಲ್ಲಿ ಹೆಚ್ಚಾಗಿ ಕಾಣೋ ಚಿತ್ರಗಳನ್ನ 1909ರಲ್ಲಿ ಲಂಡನ್ನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಅನ್ನೋ ಹೆಂಗಸು ಬರೆದದ್ದು.

ಆ ಚಿತ್ರಗಳು ಚೆನ್ನಾಗವೆ ಅಂತ ನಾನೂ ಒಪ್ತೀನಿ. ಐದು ಕತ್ತಿ ಎಲೆ ನೋಡಿ. ಒಬ್ಬ ಮೂರು ಕತ್ತಿ ಹಿಡ್ಕಂಡು ನಗ್ತಾ ನಿಂತವ್ನೆ. ಎರಡು ಕತ್ತಿ ನೆಲದಲ್ಲಿ ಬಿದ್ದವೆ. ಹಿಂದೆ ಇಬ್ಬರು ಮುಖ ತಿರುಗಿಸ್ಕಂಡು ಹೋಗ್ತಾವ್ರೆ. ಜಗಳ ಗೆದ್ದ, ಜನ ಕಳ್ಕಂಡ. ನಲ್ಲಿ ನೀರಿನ ಸರತಿಗೆ ಕೂಗಾಡಿ ಗೆದ್ದು, ಮಾರನೇ ದಿನ ಯಾರೂ ಮಾತಾಡಿಸದೇ ಇದ್ದಾಗ ನಾವೂ ಹಿಂಗೇ ನಿಂತಿರ್ತೀವಿ. ಎರಡು ಕತ್ತಿ ಎಲೇಲಿ ಒಬ್ಬಳು ಕಣ್ಣಿಗೆ ಬಟ್ಟೆ ಕಟ್ಕಂಡು, ಎದೆ ಮೇಲೆ ಎರಡು ಕತ್ತಿ ಅಡ್ಡ ಹಿಡ್ಕಂಡು ಕುಂತವ್ಳೆ. ಅತ್ತೆ ಕಡೆಗೋ ಗಂಡನ ಕಡೆಗೋ ತೀರ್ಮಾನ ಆಗದೆ "ನಂಗ್ಯಾಕೆ ಬಿಡು" ಅಂತ ಸುಮ್ಮನೆ ಕೂರೋ ಸೊಸೆ ಇವಳೇ. ಇಂಥ ಚಿತ್ರ ನೋಡಿ "ನಾನೂ ಹಿಂಗೇ ಮಾಡ್ತಿದೀನಾ?" ಅಂತ ಕೇಳ್ಕಂಡ್ರೆ ಎಲೆ ಕೊಟ್ಟ ಲಾಭ ಅಷ್ಟೇ. ಅದೇನು ಕಮ್ಮಿ ಲಾಭ ಅಲ್ಲ.

ನಷ್ಟ ಶುರು ಆಗೋದು "ಅವಳ ಮನಸ್ಸಲ್ಲಿ ಏನೈತೆ ಹೇಳಿ" ಅಂದಾಗ. ನಮ್ಮ ಕಡೆ ಒಂದು ಹಟ್ಟೀಲಿ ನಡೆದಿದ್ದು ಹೇಳ್ತೀನಿ, ಹೆಸರು ಬ್ಯಾಡ. ಒಂದೇ ಅಂಗಳ, ಎರಡು ಮನೆ, ಇಬ್ಬರು ವಾರಗಿತ್ತಿಯರು. ದೊಡ್ಡಾಕೆ ಮಗಳ ಕಾಲೇಜು ಫೀಸಿಗೆ ದುಡ್ಡು ಬೇಕಾಗಿ, ಚಿಕ್ಕಾಕೆ ಹೆಸರಲ್ಲಿ ಸಂಘದ ಸಾಲ ತೆಗೆಸಿದ್ಳು. ವಾರದ ಕಂತು ನಾನೇ ಕಟ್ತೀನಿ ಅಂದ್ಳು. ನಾಕೈದು ವಾರ ಬಂತು, ಆಮೇಲೆ ನಿಂತೋಯ್ತು. ಚಿಕ್ಕಾಕೆ ಶೇಂಗಾ ಸುಲಿದ ಕೂಲಿ ದುಡ್ಡಲ್ಲಿ ಕಟ್ಕಂಡು ಬಂದ್ಳು. ಅಕ್ಕ ಅಂತ ಕರೆಯೋಳ ಮುಂದೆ ದುಡ್ಡು ಕೇಳೋಕೆ ಬಾಯಿ ಬರಲಿಲ್ಲ. ಅದರ ಬದಲು ಫೋನಲ್ಲಿ 500 ರೂಪಾಯಿ ಹಾಕಿ ಎಲೆ ಕೇಳಿದ್ಳು. "ಹತ್ತಿರದ ಒಬ್ಬ ಹೆಂಗಸಿನ ದೃಷ್ಟಿ ನಿಮ್ಮ ಮೇಲಿದೆ, ದೂರ ಇಡಿ" ಅಂತ ಬಂತು.

ಮುಗೀತು. ಮಾತು ಬಿಟ್ಳು, ಮಕ್ಕಳನ್ನ ಆ ಕಡೆ ಬಿಡಲಿಲ್ಲ. ಅಂಗಳದ ನಡುವೆ ಜಾಲಿ ಮುಳ್ಳು ಬಂತು. ದೊಡ್ಡಾಕೆ "ನನ್ನ ಮಗಳು ಓದ್ತಾಳೆ ಅಂತ ಹೊಟ್ಟೆಕಿಚ್ಚು" ಅಂದ್ಕಂಡ್ಳು. ಎಂಟು ತಿಂಗಳು ಹಿಂಗೇ. ಕೊನೆಗೆ ಸಂಘದ ಪುಸ್ತಕ ತೆಗೆದು ಎಲ್ಲರ ಮುಂದೆ ಓದಿದಾಗ ಗೊತ್ತಾಯ್ತು, ದೊಡ್ಡಾಕೆ ವಾರ ವಾರ ದುಡ್ಡು ಗಂಡನ ಕೈಗೆ ಕೊಟ್ಟಿದ್ಳು, "ಕೊಟ್ಟು ಬಾ" ಅಂತ. ಅವನು ದಾರೀಲೇ ಮುಗಿಸ್ತಿದ್ದ. ಎಲೆ ತೋರಿಸಿದ್ದು ಹೆಂಗಸನ್ನ, ದುಡ್ಡು ತಿಂದಿದ್ದು ಗಂಡಸು. "ಅಕ್ಕಾ, ಈ ವಾರದ ಕಂತು ಬಂದಿಲ್ಲ" ಅನ್ನೋ ಒಂದು ಮಾತು ಎರಡನೇ ವಾರಕ್ಕೇ ಆಡಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ. ಈಗ ಕಂತು ತೀರೈತೆ, ಮುಳ್ಳೂ ತೆಗೆದವ್ರೆ. ಮಾತು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

"ಹತ್ತಿರದ ಹೆಂಗಸು" ಅನ್ನೋದು ಯಾರಿಗೆ ಹೇಳಿದ್ರೂ ಕೂಡುತ್ತೆ ಕಣ್ರಮ್ಮ. ಅತ್ತೆ, ನಾದಿನಿ, ಪಕ್ಕದ ಮನೆಯಾಕೆ, ಹತ್ತಿರದ ಹೆಂಗಸು ಯಾರಿಗಿಲ್ಲ? ಅದ್ಕೇ ಅಂಥ ಮಾತಿಗೆ ದುಡ್ಡು ಕೊಡಬ್ಯಾಡಿ.

ಇನ್ನು "ಗಡಿ ಹಾಕ್ಕಳಿ" ಅಂತಾರಲ್ಲ, ಅದನ್ನ ನಮಗೆ ಹೊಲದ ಬದು ನೋಡಿದ್ರೆ ಸುಲಭ ತಿಳಿಯುತ್ತೆ. ನಮ್ಮ ಮಳೆ ಕಮ್ಮಿ ಸೀಮೇಲಿ ಬದು ಇಲ್ಲಾಂದ್ರೆ ಬಿದ್ದ ನಾಕು ಹನಿಗೆ ಮಣ್ಣು ಕೊಚ್ಚಿ ಹೋಗುತ್ತೆ. ಆದ್ರೂ ಬದು ಮೇಲೆ ಜನ ಓಡಾಡ್ತಾರೆ, ನೀರು ಜಾಸ್ತಿ ಆದ್ರೆ ಹೋಗೋಕೆ ಜಾಗ ಬಿಟ್ಟಿರ್ತೀವಿ. ಮನೇಲೂ ಹಂಗೇ. ಮಾತು ಬಿಡೋದು ಜಾಲಿ ಮುಳ್ಳು. "ಇಷ್ಟು ಆಗುತ್ತೆ, ಇಷ್ಟು ಆಗಲ್ಲ" ಅನ್ನೋದು ಬದು. ಟ್ಯಾರೋದಲ್ಲಿ ಕತ್ತಿ ರಾಣಿ ಅಂತ ಒಂದು ಎಲೆ ಐತೆ. ಒಂದು ಕೈಲಿ ಕತ್ತಿ ನೇರ ಹಿಡಿದವ್ಳೆ, ಇನ್ನೊಂದು ಕೈ ಮುಂದೆ ಚಾಚವ್ಳೆ. ನಂಗೆ ಇಷ್ಟ ಆಗೋ ಎಲೆ ಅದೊಂದೇ.

ಹೆಂಗೆ ಹೇಳೋದು ಅಂದ್ರೆ, ಸಿಟ್ಟು ಇಳಿದ ಮೇಲೆ ಹೇಳಿ. ನಾಕು ಜನರ ಮುಂದೆ ಬ್ಯಾಡ, ಅವರೊಬ್ಬರ ಹತ್ರ ಹೇಳಿ. ಹಳೇದೆಲ್ಲ ಎತ್ತಬ್ಯಾಡಿ, ಒಂದೇ ವಿಷಯ ಹೇಳಿ. ಆಗಲ್ಲ ಅನ್ನೋದರ ಜೊತೆಗೆ ಏನು ಆಗುತ್ತೆ ಅನ್ನೋದನ್ನೂ ಸೇರಿಸಿ. "ಅಕ್ಕಾ, ನನ್ನ ಹೆಸರಲ್ಲಿ ಇನ್ನೊಂದು ಸಾಲ ತೆಗೆಯಲ್ಲ. ಸುಗ್ಗಿ ತನಕ ಎರಡು ಚೀಲ ರಾಗಿ ಬೇಕಾದ್ರೆ ಕೊಡ್ತೀನಿ." "ಅತ್ತೆಮ್ಮ, ನಮ್ಮಮ್ಮನ ಬಗ್ಗೆ ಮಾತು ಬಂದ್ರೆ ನಾನು ಎದ್ದು ಹೋಗ್ತೀನಿ. ಬ್ಯಾರೆ ಏನೇ ಇದ್ರೂ ಕೇಳ್ತೀನಿ." ಹೇಳಿದ ಮೇಲೆ ಹಂಗೇ ನಡ್ಕಳಿ. ಒಂದು ಸಲ ಬಿಟ್ಟುಕೊಟ್ರೆ ಮುಂದಿನ ಸಲ ಯಾರೂ ನಂಬಲ್ಲ.

ಮುಂಚೆನೇ ಹೇಳೋದು ಯಾಕೆ ಮುಖ್ಯ ಅಂತ ನಮ್ಮ ಕುದಾಪುರದ ಸುತ್ತಲೋರಿಗೆ ಬಿಡಿಸಿ ಹೇಳಬೇಕಿಲ್ಲ. ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ಐಐಎಸ್ಸಿ, ಡಿಆರ್‌ಡಿಒ, ಬಾರ್ಕ್, ಇಸ್ರೋಗೆ ಹೋಯ್ತು. ಕುರಿ-ದನ ಮೇಯಿಸ್ತಿದ್ದ ಎಷ್ಟೋ ಜನಕ್ಕೆ ವಿಷಯ ತಿಳಿದಿದ್ದೇ ಗೋಡೆ ಎದ್ದಾಗ. ಮಾತು ಹಸಿರು ನ್ಯಾಯಮಂಡಳಿ ತನಕ ಹೋಯ್ತು. ಅಲ್ಲಿಗೆ ಕೆಲಸಕ್ಕೆ, ತರಬೇತಿಗೆ ಹೋಗೋ ನಮ್ಮ ಮಕ್ಕಳೂ ಅವ್ರೆ, ಅದನ್ನ ಇಲ್ಲ ಅನ್ನಲ್ಲ. ಆದ್ರೆ ಹೇಳದೆ ಕಟ್ಟಿದ ಗೋಡೆ ನೋವು ಬ್ಯಾರೆ. ಮನೆಯೊಳಗೆ ನಾವೂ ಅದನ್ನ ಮಾಡಬಾರದು.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಹೊಡೆತ ಬಡಿತ ಇರೋ ಮನೇಲಿ ಎಲೆನೂ ಬ್ಯಾಡ, ನಯವಾದ ಮಾತೂ ಬ್ಯಾಡ. "ನಿಮ್ಮ ಸಮಯ ಸರಿಯಿಲ್ಲ, ತಾಳಿ" ಅಂತ ಯಾರಾದ್ರೂ ಹೇಳಿದ್ರೆ ಕೇಳಬ್ಯಾಡಿ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬಂದಿದ್ದು 2005ರಲ್ಲಿ. ಕೈ ಮಾಡಿದ್ರೆ ಮಾತ್ರ ಹಿಂಸೆ ಅಂತ ಅದು ಹೇಳಲ್ಲ. ಬೈದು ಹೀನಾಯ ಮಾಡೋದು, ಖರ್ಚಿಗೆ ಕೊಡದೆ ಸತಾಯಿಸೋದು, ಒಡವೆ ಕಿತ್ಕಳ್ಳೋದು ಎಲ್ಲ ಅದರಲ್ಲಿ ಬರುತ್ತೆ. ಮನೆ ಯಾರ ಹೆಸರಲ್ಲೇ ಇರಲಿ, ಬಾಳ್ತಿರೋ ಮನೇಲಿ ಇರೋ ಹಕ್ಕು ಹೆಂಡ್ತಿಗೆ ಐತೆ. ಈ ನಂಬರು ಅಡುಗೆ ಮನೆ ಕ್ಯಾಲೆಂಡರ್ ಹಿಂದೆ ಬರೆದಿಡಿ. ನಿಮಗೆ ಬ್ಯಾಡದಿದ್ರೂ ಪಕ್ಕದ ಮನೆಯಾಕೆಗೆ ಬೇಕಾದೀತು.

ಎಲೆ ನೋಡೋ ಆಸೆ ಇದ್ರೆ ನೋಡಿ, ನಿಮ್ಮ ರಾತ್ರಿ ಹತ್ತು ನಿಮಿಷ ನಿಮ್ಮದು. ಪ್ರಶ್ನೆ ಮಾತ್ರ ಬದಲಾಯಿಸ್ಕಳಿ. "ಅವಳು ಯಾಕೆ ಹಂಗೆ?" ಅಂತ ಕೇಳೋ ಬದಲು "ನಾಳೆ ನಾನು ಅವಳಿಗೆ ಏನು ಹೇಳಬೇಕು?" ಅಂತ ಕೇಳಿ. ಬೆಳಿಗ್ಗೆ ಕಸ ಗುಡಿಸಿ ಆದ್ಮೇಲೆ ಅವಳ ಬಾಗಿಲಿಗೇ ಹೋಗಿ, ಅದನ್ನ ಹೇಳಿ ಬನ್ನಿ.